ಕೈಕೆಲಸಕ್ಕೆ ಬೆಲೆ ಕಟ್ಟುವವರು ಯಾರು?



ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ವಿಟ್ಜರ್‌ಲೆಂಡಿನ ಕೈಗಡಿಯಾರವೊಂದನ್ನು ಕೊಂಡು ಅದರ ಚಿತ್ರವನ್ನು ನನಗೆ ಕಳುಹಿಸಿದ್ದಾನೆ. ಹಿಂಬದಿಯ ಮುಚ್ಚಳ ಗಾಜಿನದು. ಒಳಗಿನ ಚಕ್ರಗಳೆಲ್ಲ ಕಾಣುತ್ತವೆ. "ಇದರ ಒಂದೊಂದು ಅಂಚನ್ನೂ ಮನುಷ್ಯರು ಕೈಯಿಂದಲೇ ಉಜ್ಜಿ ಹೊಳಪು ಕೊಟ್ಟಿದ್ದಾರಂತೆ ಸಾರ್. ಯಂತ್ರ ಎಷ್ಟೇ ಮುಂದುವರಿದರೂ ಕೈಕೆಲಸಕ್ಕೆ ಸಮ ಅಲ್ಲ, ಅಲ್ಲವೇ?" ಎಂದು ಕೇಳಿದ್ದಾನೆ. ಬೆಲೆಯನ್ನು ಅವನು ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಹೌದಪ್ಪಾ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೆ, ಈ ಪ್ರಶ್ನೆಗೆ ಅಷ್ಟು ಸುಲಭವಾಗಿ ಹೌದೆನ್ನಲು ಮನಸ್ಸು ಒಪ್ಪಲಿಲ್ಲ. ರಾಮನಗರದಲ್ಲಿ ನಿಂತು ಉತ್ತರಿಸಿದರೆ ಒಂದು ಬಗೆಯಾಗುತ್ತದೆ, ಹನ್ನೆರಡು ಕಿಲೋಮೀಟರು ಮುಂದೆ ಹೋಗಿ ಚನ್ನಪಟ್ಟಣದಲ್ಲಿ ನಿಂತು ಉತ್ತರಿಸಿದರೆ ಇನ್ನೊಂದು ಬಗೆಯಾಗುತ್ತದೆ. ಅದಕ್ಕೇ ಈ ದೀರ್ಘ ಬರೆಹ.

ಮೊದಲು ಗಡಿಯಾರದ ವಿಷಯ. ಸರಿಯಾದ ವೇಳೆಯನ್ನು ತೋರಿಸುವುದೇ ಗಡಿಯಾರದ ಕೆಲಸವೆಂದು ಒಪ್ಪಿದರೆ, ಕೈಗೂ ಯಂತ್ರಕ್ಕೂ ಇದ್ದ ಸ್ಪರ್ಧೆ ಮುಗಿದು ಅರ್ಧ ಶತಮಾನವೇ ಕಳೆದಿದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಸಂಸ್ಥೆಯು ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡದ್ದೂ ತಿಂಗಳಿಗೆ ಹದಿನೈದು ಸೆಕೆಂಡಿನ ಆಚೀಚೆ ನಡೆಯುತ್ತದೆ. ಕೀ ಕೊಟ್ಟು ನಡೆಸುವ ಗಡಿಯಾರವಾದರೋ, ಸ್ವಿಸ್ ದೇಶದ ಅಧಿಕೃತ ಕ್ರೋನೋಮೀಟರ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದಾದರೂ, ಸರಾಸರಿ ದಿನವೊಂದಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳುವುದಕ್ಕೂ ಆರು ಸೆಕೆಂಡು ಮುಂದೆ ಓಡುವುದಕ್ಕೂ ಅನುಮತಿ ಪಡೆದಿರುತ್ತದೆ. ಈ ಸ್ಫಟಿಕದ ಹೊಡೆತಕ್ಕೆ ಸಿಕ್ಕಿ ಸ್ವಿಸ್ ಗಡಿಯಾರ ಉದ್ಯಮದಲ್ಲಿ 1970ರಲ್ಲಿ ಸುಮಾರು 90,000 ಇದ್ದ ಕೆಲಸಗಾರರ ಸಂಖ್ಯೆ ಎಂಬತ್ತರ ದಶಕದ ನಡುವಿಗೆ ಮೂವತ್ತು ಸಾವಿರದ ಆಸುಪಾಸಿಗೆ ಕುಸಿಯಿತು. ಆಮೇಲೆ ಅವರೇ 1983ರಲ್ಲಿ 51 ಬಿಡಿಭಾಗಗಳ ಅಗ್ಗದ ಸ್ವಾಚ್ ಗಡಿಯಾರವನ್ನು ಯಂತ್ರಗಳ ಸಾಲಿನಲ್ಲಿ ಜೋಡಿಸಿ ಮಾರಿದರು. 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಪ್ರಿಂಗಿನಿಂದ ನಡೆಯುವ ಗಡಿಯಾರವನ್ನೂ ಯಂತ್ರಗಳೇ ಪೂರ್ತಿ ಜೋಡಿಸಬಲ್ಲವೆಂದು ತೋರಿಸಿಬಿಟ್ಟರು.

ಹಾಗಾದರೆ ನನ್ನ ವಿದ್ಯಾರ್ಥಿ ಕೊಟ್ಟ ಹಣ ಯಾವುದಕ್ಕೆ? ವೇಳೆಗಂತೂ ಅಲ್ಲ. ಫಿಲಿಪ್ ದ್ಯುಫೂರ್ ಎಂಬ ಸ್ವಿಸ್ ಗಡಿಯಾರಗಾರರಿದ್ದಾರೆ. ಅವರ ಊರು ಜೂ ಕಣಿವೆ. ಲೋಹದ ಪಟ್ಟಿಗಳ ಅಂಚನ್ನು ಹೊಳೆಯಿಸುವಾಗ ಜೆನ್ಷಿಯನ್ ಎಂಬ ಬೆಟ್ಟದ ಗಿಡದ ಒಣಗಿದ ಕಾಂಡದಿಂದ ಉಜ್ಜುವ ಹಳೆಯ ಪದ್ಧತಿಯನ್ನು ಅವರು ಉಳಿಸಿಕೊಂಡು ಬಂದಿದ್ದಾರೆ. ಮೂರು ಮುಳ್ಳುಗಳನ್ನು ಬಿಟ್ಟರೆ ಬೇರೆ ಯಾವ ಚಮತ್ಕಾರವೂ ಇಲ್ಲದ ಅವರ 'ಸಿಂಪ್ಲಿಸಿಟಿ' ಗಡಿಯಾರವೊಂದು 2020ರಲ್ಲಿ ಜಿನೀವಾದ ಹರಾಜಿನಲ್ಲಿ ಹತ್ತು ಲಕ್ಷ ಸ್ವಿಸ್ ಫ್ರಾಂಕುಗಳನ್ನೂ ಮೀರಿದ ಬೆಲೆಗೆ ಹೋಯಿತು. ಆ ಗಿಡದ ಕಾಂಡವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಚನ್ನಪಟ್ಟಣದ ಮಾತು ಬಂದಾಗ ಅದು ಬೇಕಾಗುತ್ತದೆ.

ಇಲ್ಲಿ ಒಂದು ಸಣ್ಣ ಉಪಕಥೆ. ನಾನು ಮೊದಲ ಸಂಬಳಗಳನ್ನು ಕೂಡಿಸಿ ಕೊಂಡದ್ದು ಎಚ್‌ಎಂಟಿ ಜನತಾ, ಹದಿನೇಳು ಜ್ಯುವೆಲ್ಲಿನದು. ಬೆಳಿಗ್ಗೆ ಸ್ನಾನವಾದ ಮೇಲೆ ಕೀ ಕೊಡುವುದು ಸಂಧ್ಯಾವಂದನೆಯಷ್ಟೇ ತಪ್ಪದ ಕಾರ್ಯವಾಗಿತ್ತು. ಈಗ ಆ ಗಡಿಯಾರಗಳನ್ನು ಹುಡುಕಿ ಸಂಗ್ರಹಿಸುವ ಯುವಕರು 'ಆ ಕಾಲದ ಕೈಕೆಲಸ' ಎಂದು ಭಾವುಕರಾಗುವುದನ್ನು ಕಾಣುತ್ತೇನೆ. ಹೆಸರನ್ನಾದರೂ ಬಿಡಿಸಿ ಓದಬಾರದೇ? ಹಿಂದೂಸ್ತಾನ್ ಮೆಷಿನ್ ಟೂಲ್ಸ್. ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಸಂಸ್ಥೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಅಲ್ಲಿ ಗಡಿಯಾರದ ಕಾರ್ಖಾನೆ ಆರಂಭವಾದಾಗ ಅದರ ಹೆಗ್ಗಳಿಕೆಯೇ, ಒಂದು ಗಡಿಯಾರದ ಚಕ್ರ ಇನ್ನೊಂದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡುತ್ತಿತ್ತೆಂಬುದು. ಸಾವಿರಾರು ಗುಮಾಸ್ತರು, ಮೇಷ್ಟರುಗಳು, ಕಂಡಕ್ಟರುಗಳು ಕೈಗಡಿಯಾರ ಕಟ್ಟುವಂತಾದದ್ದು ಯಂತ್ರದ ಕೃಪೆಯಿಂದ. ಕೇಂದ್ರ ಸರ್ಕಾರ 2016ರಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದಾಗ ನನಗೂ ಕಣ್ಣು ಒದ್ದೆಯಾಯಿತು, ನಿಜ. ಆದರೆ ನಾನು ಕಳೆದುಕೊಂಡದ್ದು ಒಂದು ಒಳ್ಳೆಯ ಯಂತ್ರೋತ್ಪನ್ನವನ್ನು.

ಇರಲಿ, ನಮ್ಮ ಊರಿಗೆ ಬರೋಣ.

ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಪಾಠ ಮಾಡಿದವನಿಗೆ ರೇಷ್ಮೆಯ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಹುಳು ಹಣ್ಣಾಗುವ ದಿನಗಳಲ್ಲಿ ತರಗತಿಯ ಹಾಜರಿ ಅರ್ಧಕ್ಕಿಳಿಯುತ್ತಿತ್ತು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊತ್ತು ತಂದರೆ, ಅಲ್ಲಿಂದ ಮುಂದಿನ ಕೆಲಸ ನೂಲು ಬಿಚ್ಚಾಣಿಕೆಯವರದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದ ಮೇಲೆ ಎಳೆಯ ತುದಿಯನ್ನು ಹುಡುಕಿ, ಏಳೆಂಟೋ ಹತ್ತೋ ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡಬೇಕು. ಒಂದೊಂದು ಗೂಡಿನಲ್ಲೂ ಎಳೆ ಕೊನೆಗೆ ಬಂದಂತೆ ಸಣ್ಣಗಾಗುತ್ತದೆ; ಮುಗಿದುಹೋದ ಗೂಡಿನ ಜಾಗಕ್ಕೆ ಹೊಸ ಗೂಡಿನ ತುದಿಯನ್ನು ಸರಿಯಾದ ಕ್ಷಣದಲ್ಲಿ ಎಸೆದು ಸೇರಿಸದಿದ್ದರೆ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಚರಕದ ಮುಂದೆ ಕುಳಿತ ಕೆಲಸಗಾರ ಇದನ್ನು ಕಣ್ಣಳತೆಯಲ್ಲೇ ಮಾಡುತ್ತಿದ್ದ. ನೋಡಿದವರು ಬೆರಗಾಗುವ ಕುಶಲತೆ ಅದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಬಿಳಿಚಿ, ಬೆರಳ ತುದಿಯ ಚರ್ಮ ಸುಲಿದು ಹೋದ ಕೈ. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಅಂತಹ ಕೈಗಳು ಲೇಖನಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಬೇಸಿನ್ನಿನ ಮುಂದೆ ಕುಳಿತು ಬಂದ ಹುಡುಗನಿಗೆ ಪೆನ್ನು ಬಿಗಿಯಾಗಿ ಹಿಡಿಯಲಾಗುತ್ತಿರಲಿಲ್ಲ. ಎಂಟನೆಯ ತರಗತಿಯಲ್ಲಿ ಇದ್ದವನು ಒಂಬತ್ತಕ್ಕೆ ಬರುತ್ತಿರಲಿಲ್ಲ. ಮನೆಯವರನ್ನು ಕಂಡು ಕೇಳಿದರೆ ಮುಂಗಡ ಸಾಲದ ಮಾತು ಬರುತ್ತಿತ್ತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದಲ್ಲಿನ ಮಕ್ಕಳ ಜೀತದ ಬಗ್ಗೆ ವರದಿ ಪ್ರಕಟಿಸಿದಾಗ ಅದರಲ್ಲಿ ಕರ್ನಾಟಕದ ಹೆಸರೂ ಇತ್ತು. ನಮ್ಮ ಕಡೆಯ ಮೇಷ್ಟರುಗಳಿಗೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಈಗ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಂದಿವೆ. 400 ನೂಲುಗಳನ್ನು ಒಟ್ಟಿಗೆ ಸುತ್ತುವ ಯಂತ್ರ ಅದು. ನೂಲಿನ ದಪ್ಪವನ್ನು ಅಳೆಯುವ ಪುಟ್ಟ ಸಾಧನ ಪ್ರತಿ ಎಳೆಯ ಮೇಲೂ ಇರುತ್ತದೆ. ನೂಲು ತೆಳುವಾದ ಕೂಡಲೆ ಅದು ಸೂಚನೆ ಕೊಡುತ್ತದೆ, ಹೊಸ ಗೂಡಿನ ತುದಿ ತಾನಾಗಿಯೇ ಬಂದು ಸೇರುತ್ತದೆ. ಚರಕದವನ ಕಣ್ಣಳತೆಗಿಂತ ಇದರ ನೂಲು ಏಕಪ್ರಕಾರವಾದದ್ದು. ವೇಗವಾಗಿ ಓಡುವ ಮಗ್ಗಕ್ಕೆ ಬೇಕಾದದ್ದೂ ಅದೇ. ಇದಕ್ಕೆ ಒಳ್ಳೆಯ ದ್ವಿತಳಿ ಗೂಡು ಬೇಕು, ಸಣ್ಣ ರೀಲರನ ಕೈಗೆ ಎಟುಕದ ಬಂಡವಾಳ ಬೇಕು. ಹತ್ತು ಮನೆಗಳಲ್ಲಿ ಹಂಚಿಹೋಗಿದ್ದ ಕೆಲಸ ಒಬ್ಬ ಸಾಹುಕಾರನ ಕೊಟ್ಟಿಗೆ ಸೇರುತ್ತದೆಂಬ ಭಯವೂ ಸುಳ್ಳಲ್ಲ. ಸರ್ಕಾರದ ಸಹಾಯಧನವು ರೀಲರುಗಳ ಗುಂಪುಗಳಿಗೆ ಮೊದಲು ಸಿಗಬೇಕೆಂದು ನಾನು ವಾದಿಸುತ್ತೇನೆ. ಆದರೆ ಚರಕ ಹೋಯಿತೆಂದು ಒಂದು ಹನಿ ಕಣ್ಣೀರನ್ನೂ ನಾನು ಹಾಕಲಾರೆ. ಸುಟ್ಟ ಬೆರಳಿನ ಮೇಲೆ ನಿಂತ ಕಲೆಯನ್ನು ಉಳಿಸಬೇಕೆಂದು ಹೇಳುವವರು, ಆ ಬೆರಳು ತಮ್ಮ ಮನೆಯ ಮಗುವಿನದಾಗಿದ್ದರೆ ಏನೆನ್ನುತ್ತಿದ್ದರೆಂದು ಯೋಚಿಸಲಿ.

ರಾಮನಗರದ ಉತ್ತರ ಇದು. ಇನ್ನು ಚನ್ನಪಟ್ಟಣ.

ಬೊಂಬೆಯ ಕೆಲಸದ ಮೂಲವನ್ನು ಊರಿನವರು ಟಿಪ್ಪುವಿನ ಕಾಲಕ್ಕೂ ಪರ್ಷಿಯಾದ ಕುಶಲಕರ್ಮಿಗಳಿಗೂ ಒಯ್ಯುತ್ತಾರೆ. ಇತಿಹಾಸಕಾರರಿಗೆ ಅದನ್ನು ಬಿಟ್ಟು, ನಾನು ಬಲ್ಲ ಭೌತವಿಜ್ಞಾನದ ಮಾತನ್ನಾಡುತ್ತೇನೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆಂಬ ಪಾಠವನ್ನು ಚನ್ನಪಟ್ಟಣದಲ್ಲಿ ಕಲಿತವರು ನನ್ನೊಡನೆ ಬೊಂಬೆಯ ಕಾರ್ಖಾನೆಗೆ ಬಂದದ್ದು ನೆನಪಿರಬಹುದು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಉಳಿಯಿಂದ ಕಡೆದ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಒಲೆಯಿಲ್ಲ, ಬೆಂಕಿಯಿಲ್ಲ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕಡಿಮೆ ಒತ್ತಿದರೆ ಬಣ್ಣ ಹಿಡಿಯುವುದಿಲ್ಲ; ಹೆಚ್ಚು ಒತ್ತಿದರೆ ಗೆರೆಗೆರೆಯಾಗುತ್ತದೆ, ಇಲ್ಲವೇ ಕರಕಾಗುತ್ತದೆ. ಮರ ಎಷ್ಟು ಒಣಗಿದೆ, ಎಲ್ಲಿ ಗಂಟಿದೆ, ಹೊರಗೆ ಮಳೆಗಾಲವೋ ಬೇಸಿಗೆಯೋ ಎಂಬುದಕ್ಕೆ ತಕ್ಕಂತೆ ಕೈ ತನ್ನ ಒತ್ತಡವನ್ನು ಬದಲಿಸಿಕೊಳ್ಳುತ್ತದೆ. ಕೊನೆಗೆ ಕೇದಗೆಯ ಒಣ ಎಲೆಯನ್ನು ಮಡಚಿ ಒತ್ತಿ ಹಿಡಿದರೆ ಅರಗು ಒಂದೇ ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ.

ಜೂ ಕಣಿವೆಯ ಜೆನ್ಷಿಯನ್ ಕಾಂಡ ಈಗ ನೆನಪಿಗೆ ಬಂದಿರಬೇಕು. ಅಲ್ಲಿಯೂ ಸುತ್ತಲಿನ ನೆಲದಲ್ಲಿ ಬೆಳೆಯುವ ಒಂದು ಗಿಡ, ಇಲ್ಲಿಯೂ ಹಾಗೆಯೇ. ಅಲ್ಲಿಯೂ ಒಬ್ಬ ಮನುಷ್ಯ ಬೆರಳಿಗೆ ತಿಳಿಯುವ ಬಿಸಿಯನ್ನೂ ಕಣ್ಣಿಗೆ ತಿಳಿಯುವ ಬೆಳಕನ್ನೂ ನಂಬಿ ಉಜ್ಜುತ್ತಾನೆ, ಇಲ್ಲಿಯೂ ಹಾಗೆಯೇ. ಲೋಹದ ಅಂಚಿನ ಕೆಲಸ ಮರದ ಬೊಂಬೆಯ ಕೆಲಸಕ್ಕಿಂತ ಬಹಳ ಸೂಕ್ಷ್ಮವಾದದ್ದು, ವರ್ಷಗಟ್ಟಲೆ ಕಲಿಯಬೇಕಾದದ್ದು ಎಂಬುದನ್ನು ಒಪ್ಪುತ್ತೇನೆ. ಆದರೂ ಒಂದರ ಬೆಲೆ ಕೋಟಿಗಳಲ್ಲಿ, ಇನ್ನೊಂದರ ಬೆಲೆ ಹತ್ತರ ನೋಟುಗಳಲ್ಲಿ ಇರುವಷ್ಟು ಅಂತರ ಆ ಎರಡು ಕೈಗಳ ನಡುವೆ ಇದೆಯೆಂದು ನಾನು ನಂಬಲಾರೆ.

ಯಂತ್ರ ಚನ್ನಪಟ್ಟಣಕ್ಕೂ ಬಂದು ಬಹಳ ಕಾಲವಾಯಿತು. ಕಮಾನು ಎಳೆದು ತಿರುಗಿಸುತ್ತಿದ್ದ ಕೈಲೇತಿನ ಜಾಗದಲ್ಲಿ ವಿದ್ಯುತ್ ಲೇತು ಬಂತು. ಅದರಿಂದ ಕಸುಬು ಸಾಯಲಿಲ್ಲ, ಕೆಲಸಗಾರನ ತೋಳು ಉಳಿಯಿತು. ಒಂದೇ ಅಳತೆಯ ಮಣಿಗಳನ್ನು ಸಾವಿರಗಟ್ಟಲೆ ಕಡೆಯುವ ಕೆಲಸವನ್ನು ಅಚ್ಚು ನೋಡಿ ನಕಲು ತೆಗೆಯುವ ಯಂತ್ರಕ್ಕೆ ಒಪ್ಪಿಸಿದರೂ ನನ್ನ ತಕರಾರಿಲ್ಲ. ಸಾವಿರದ ಒಂದನೆಯ ಮಣಿಯಲ್ಲಿ ಮನುಷ್ಯ ನಿರ್ಧರಿಸಬೇಕಾದದ್ದು ಏನೂ ಉಳಿದಿರುವುದಿಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ಎಲ್ಲಿಯೋ ಯಂತ್ರದಲ್ಲಿ ಕಡೆದು, ಬಣ್ಣದ ಡಬ್ಬಿಯಿಂದ ಸಿಂಪಡಿಸಿ, ಅರಗಿನ ವಾಸನೆಯೂ ತಾಗದ ವಸ್ತುವನ್ನು 'ಕೈಯಿಂದ ಮಾಡಿದ ಚನ್ನಪಟ್ಟಣದ ಬೊಂಬೆ' ಎಂದು ಮಾರುವುದು ಯಂತ್ರದ ತಪ್ಪಲ್ಲ, ಅದು ಶುದ್ಧ ಮೋಸ. ಅರಗಿನಲ್ಲಿ ಅರಿಶಿನ, ನೀಲಿಯಂತಹ ಸಸ್ಯಮೂಲದ ಬಣ್ಣ ಬೆರೆಸಿದ ಬೊಂಬೆಯನ್ನು ಮಗು ಬಾಯಿಗಿಟ್ಟರೆ ತಾಯಿ ಹೆದರಬೇಕಾಗಿಲ್ಲ. 2007ರಲ್ಲಿ ಮ್ಯಾಟೆಲ್‌ನಂತಹ ದೊಡ್ಡ ಸಂಸ್ಥೆಯೇ ಬಣ್ಣದಲ್ಲಿ ಸೀಸವಿದೆಯೆಂದು ಚೀನಾದಲ್ಲಿ ತಯಾರಾದ ಆಟಿಕೆಗಳನ್ನು ರಾಶಿ ರಾಶಿಯಾಗಿ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತಲ್ಲ!

ಹೊಗಳಿಕೆಗೆ ಚನ್ನಪಟ್ಟಣಕ್ಕೆ ಎಂದೂ ಬರವಿಲ್ಲ. 2005-06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಶೆಲ್ ಒಬಾಮಾ ದೆಹಲಿಯಲ್ಲಿ ನಮ್ಮ ಬೊಂಬೆಗಳನ್ನು ಕೊಂಡರು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ಬಾನುಲಿಯಲ್ಲಿ ಊರಿನ ಹೆಸರು ಹೇಳಿದರು. ಅದೇ ವರ್ಷ ಆಮದು ಆಟಿಕೆಗಳ ಮೇಲಿನ ಸುಂಕ ಶೇಕಡಾ 20ರಿಂದ 60ಕ್ಕೇರಿತು, 2023ರಲ್ಲಿ 70 ಆಯಿತು. 2021ರಿಂದ ಆಟಿಕೆಗಳಿಗೆ ಕಡ್ಡಾಯವಾದ ಗುಣಮಟ್ಟದ ಮುದ್ರೆಯಿಂದ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯೂ ಸಿಕ್ಕಿತು. ಇವೆಲ್ಲ ಒಳ್ಳೆಯವೇ. ಆದರೆ ಭೌಗೋಳಿಕ ಸೂಚಿಯು ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಲೇತಿನ ಮುಂದೆ ಕುಳಿತವನ ಕೂಲಿ ಎಷ್ಟಿರಬೇಕೆಂದು ಹೇಳುವುದಿಲ್ಲ.

ಹತ್ತನೆಯ ತರಗತಿಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ, ಬೊಂಬೆ ಕೆಲಸದವರ ಮಗನೊಬ್ಬ ಈಗ ಬಿಡದಿಯ ಕಾರಿನ ಕಾರ್ಖಾನೆಯೊಂದರಲ್ಲಿದ್ದಾನೆ. ಅಲ್ಲಿ ಬೆಸುಗೆ ಹಾಕುವುದು ರೋಬಾಟುಗಳು. ಅವುಗಳ ಕೆಲಸ ಸರಿಯಾಗಿದೆಯೇ ಎಂದು ನೋಡುವುದು ಇವನು. ಮದುವೆಯ ಮನೆಯೊಂದರಲ್ಲಿ ಸಿಕ್ಕಾಗ ಅಪ್ಪನ ಕಸುಬನ್ನು ಏಕೆ ಬಿಟ್ಟೆಯಪ್ಪಾ ಎಂದು ಕೇಳಿದೆ. "ಕೆಲಸ ನಂಗೂ ಬರುತ್ತೆ ಸಾರ್. ಆದ್ರೆ ತಿಂಗಳ ಕೊನೇಲಿ ಇಷ್ಟು ಬರುತ್ತೆ ಅಂತ ಮನೇಲಿ ಹೇಳೋಕೆ ಆಗಲ್ಲ" ಎಂದ. ಇದರಲ್ಲಿ ಅಪ್ಪನ ಬಗ್ಗೆ ಅಗೌರವವಿಲ್ಲ, ರೋಬಾಟಿನ ಮೇಲೆ ಮೋಹವಿಲ್ಲ. ಲೆಕ್ಕ ಮಾತ್ರ ಇದೆ, ಮತ್ತು ಲೆಕ್ಕ ಸರಿಯಾಗಿದೆ. ಅವನ ತಂದೆಯ ಕೈಯಿಂದ ಕೆಲಸ ಕಸಿದದ್ದು ಯಂತ್ರವೆಂದು ನಾವು ಹೇಳುತ್ತಾ ಬಂದಿದ್ದೇವೆ. ಆ ಮಾತು ನಮಗೆ ಬಹಳ ಅನುಕೂಲವಾದದ್ದು, ಏಕೆಂದರೆ ಆಗ ಕೊಳ್ಳುವವನ ಹೆಸರು ಎಲ್ಲಿಯೂ ಬರುವುದಿಲ್ಲ. ಸ್ವಿಸ್ ಕೈಕೆಲಸ ಉಳಿದದ್ದು ಯಂತ್ರ ಸೋತದ್ದರಿಂದಲ್ಲ. ಯಂತ್ರ ಗೆದ್ದ ಮೇಲೆಯೂ ಅದಕ್ಕೆ ಹಣ ಕೊಡುವ ಜನ ಇದ್ದುದರಿಂದ.

ಆದ್ದರಿಂದ, ಗಡಿಯಾರ ಕೊಂಡವನೇ, ನಿನಗೆ ನನ್ನ ಉತ್ತರ ಹೀಗೆ. ಕೈಕೆಲಸ ಯಂತ್ರಕ್ಕಿಂತ ಯಾವಾಗಲೂ ಮೇಲೆಂಬುದು ಸುಳ್ಳು. ಕೈ ನೋಯುವಲ್ಲಿ ಯಂತ್ರ ಬರಲಿ, ಬೇಗ ಬರಲಿ. ಕೈ ನಿರ್ಧರಿಸುವಲ್ಲಿ ಕೈಯೇ ಇರಲಿ, ಆದರೆ ಅದರ ಕೂಲಿ ಆ ಕೈಗೆ ಮುಟ್ಟಲಿ. ಮುಟ್ಟಿಸಲು ಸಿದ್ಧರಿಲ್ಲದವರು ಕುಶಲಕಲೆಯ ಅವನತಿಯ ಬಗ್ಗೆ ಭಾಷಣ ಮಾಡದಿದ್ದರೆ ಒಳ್ಳೆಯದು. ಗಡಿಯಾರವನ್ನು ಗಾಜಿನ ಹಿಂಬದಿಯಿಂದ ನೋಡಿ ಮೆಚ್ಚಿದ ನಿನ್ನ ಕಣ್ಣು ಒಳ್ಳೆಯ ಕಣ್ಣೇ. ಅದೇ ಕಣ್ಣಿನವರು ಹೆದ್ದಾರಿಯ ಅಂಗಡಿಯಲ್ಲಿ ಮರದ ರೈಲುಗಾಡಿಗೆ ಮುನ್ನೂರು ಹೇಳಿದರೆ ನೂರೈವತ್ತಕ್ಕೆ ಕೇಳುವುದನ್ನು ನಾನು ಎಷ್ಟೋ ಸಲ ಪಕ್ಕದಲ್ಲಿ ನಿಂತು ಕಂಡಿದ್ದೇನೆ. ನಮ್ಮ ಬಂಧುಗಳಲ್ಲಿಯೂ ಕೆಲವರು ಇದನ್ನು ಓದಿ ನಗಬಹುದು.

ಆ ಹೆದ್ದಾರಿಯ ವ್ಯಾಪಾರವೂ ಈಗ ಮೊದಲಿನಂತಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ದಾಟಿ ಹೋಗುತ್ತವೆ. ಹಿಂದೆ ಊರಿನ ನಡುವೆ ನಿಧಾನವಾಗಿ ಸಾಗುವಾಗ ಮಕ್ಕಳು ಕಿಟಕಿಯಿಂದ ಬೊಂಬೆಗಳನ್ನು ಕಂಡು ಹಟ ಮಾಡುತ್ತಿದ್ದವು. ಅರ್ಧ ವ್ಯಾಪಾರ ಆ ಹಟದಿಂದಲೇ ನಡೆಯುತ್ತಿತ್ತು. ಈಗ ಮಗು ಕಣ್ಣು ಬಿಡುವಷ್ಟರಲ್ಲಿ ಮದ್ದೂರು ಬಂದಿರುತ್ತದೆ.

ಈ ದಸರೆಗೆ ಮೈಸೂರಿಗೆ ಹೊರಟವರು ರಾಮನಗರದ ಬಳಿಯೇ ಹೊಸ ರಸ್ತೆಯಿಂದ ಇಳಿದು ಹಳೆಯ ರಸ್ತೆ ಹಿಡಿಯಿರಿ. ಅಂಗಡಿಗಿಂತ ಒಳಗಿನ ಬೀದಿಗಳ ಕಾರ್ಖಾನೆಗಳಿಗೆ ಹೋಗುವುದು ಲೇಸು. ಲೇತಿನ ಸದ್ದು ಕೇಳಿದಲ್ಲಿ ನಿಂತರಾಯಿತು. ಅರಗಿನ ಕಡ್ಡಿಯನ್ನೂ ಕೇದಗೆಯ ಎಲೆಯನ್ನೂ ತೋರಿಸಿ ಎಂದು ಕೇಳಿ, ಸಂತೋಷದಿಂದ ತೋರಿಸುತ್ತಾರೆ. ಮಕ್ಕಳನ್ನು ಹತ್ತಿರ ಕರೆದು, ಆಗತಾನೇ ಲೇತಿನಿಂದ ತೆಗೆದ ಬೊಂಬೆಯನ್ನು ಅವರ ಕೈಗೆ ಕೊಡಿಸಿ. ಅದು ಇನ್ನೂ ಬೆಚ್ಚಗಿರುತ್ತದೆ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ಕೆಲಸಗಾರರಲ್ಲಿ ಬಹಳ ಮಂದಿ ನಮಾಜಿಗೆ ಹೋಗಿರುತ್ತಾರೆ. ಹೇಳಿದ ಬೆಲೆ ಕೊಟ್ಟು ಬನ್ನಿ.